ನೂರ ಮೂವತ್ತೊಂದು ಮಿಲಿಮೀಟರ್

ಎಲ್ಲಿ ನೋವು, ಕೇಳುತ್ತಾನೆ ರೊಡೆಲ್
ರಿಫಾದ ಸೈಕಲ್ ಅಂಗಡಿಯಲ್ಲಿ, ಕೈಯೆಲ್ಲ ಗ್ರೀಸು.
ಹದಿನೇಳು ವರ್ಷದಿಂದ ನಾನು ಕೇಳುತ್ತ ಬಂದ ಪ್ರಶ್ನೆ ಅದು
ವಾರ್ಡಿನಲ್ಲಿ, ಅರಬಿಯಲ್ಲಿ, ಹರಕು ಉರ್ದುವಿನಲ್ಲಿ.
ಉತ್ತರ ಕೊಡಲು ಹೋದರೆ ನನಗೇ ಭಾಷೆ ಇಲ್ಲ.
ಕೆಳಗೆ, ಅಂದೆ.
ಕೂರುವಲ್ಲಿ, ಅಂದೆ.
ಅಲ್ಲಿಂದ ಸ್ವಲ್ಪ ಮುಂದೆ, ಅಂದೆ
ಗೋಡೆಗೆ ನೇತುಹಾಕಿದ ಟಯರುಗಳಿಗೆ.

ಅವನು ನಗಲಿಲ್ಲ, ಪುಣ್ಯಾತ್ಮ.
ಒಳಗಿಂದ ರಟ್ಟಿನ ತುಂಡೊಂದು ತಂದು
ಸ್ಟೂಲಿನ ಮೇಲಿಟ್ಟ: ಕೂತುಕೊಳ್ಳಿ ಸಿಸ್ಟರ್,
ಮೊಣಕಾಲು ಎತ್ತಿ, ಮುಂದಕ್ಕೆ ಬಾಗಿ.
ಆಮೇಲೆ ಬೆಳಕಿಗೆ ಹಿಡಿದು, ಬೆರಳಲ್ಲಿ ತಡಕಿ
ಎರಡು ಗುಳಿಗೆ ಸೀಮೆಸುಣ್ಣದ ಎರಡು ಸುತ್ತು.
ನಲವತ್ತಾರು ವರ್ಷ ನಾನು ಕೂತದ್ದೆಲ್ಲ
ಇಗರ್ಜಿಯ ಬೆಂಚು, ಮೂಡಬಿದ್ರೆ ಬಸ್ಸಿನ ಇಂಜಿನ್ ಪೆಟ್ಟಿಗೆ,
ನೈಟ್ ಡ್ಯೂಟಿಯ ಪ್ಲಾಸ್ಟಿಕ್ ಕುರ್ಚಿ,
ಎಲ್ಲ ಈ ಎರಡು ಚುಕ್ಕಿಗಳ ಮೇಲೆ ಅಂತೆ.
ನಡುವಿನ ಅಂತರ ನೂರ ಮೂವತ್ತೊಂದು ಮಿಲಿಮೀಟರ್.

ಸೀಟು ಅಂದರೆ ನಮ್ಮಲ್ಲಿ ಸಿಗಬೇಕಾದ್ದು:
ನರ್ಸಿಂಗಿಗೊಂದು, ಬಸ್ಸಿನ ಕಿಟಕಿಯಿಂದ ಎಸೆದ ಕರವಸ್ತ್ರಕ್ಕೊಂದು.
ಸಿಕ್ಕಿದ ಮೇಲೆ ಹೇಗಿದೆ ಎಂದು ಯಾರು ಕೇಳುತ್ತಾರೆ ಮಾರಾಯ್ರೆ?
ಸೈಕಲ್ಲಿನ ಜೊತೆ ಬಂದದ್ದರಲ್ಲೇ ಮೂರು ತಿಂಗಳು ದೂಡಿದೆ,
ಶುಕ್ರವಾರ ನಸುಕಿಗೆ ಜಲ್ಲಾಕ್‌ನಿಂದ ಜಜಾಯಿರ್ ತೀರ, ತಿರುಗಿ ಜಲ್ಲಾಕ್,
ಶಮಾಲ್ ಗಾಳಿ ಹಲ್ಲಿನ ಸಂದಿಗೆ ಮರಳು ತುಂಬುವವರೆಗೆ.
ಐವತ್ತನೇ ಕಿಲೋಮೀಟರಿಗೆ ಜೋಮು.
ಅರವತ್ತಕ್ಕೆ ಜಪಮಾಲೆ.
ಈಜಿಗೆ ಕೈ ಉಂಟು, ಓಟಕ್ಕೆ ಕಾಲುಂಟು,
ನಡುವಿನ ತೊಂಬತ್ತು ಕಿಲೋಮೀಟರಿಗೆ
ಕೂರುವುದನ್ನು ಕಲಿಯಬೇಕು ಎಂದು ಯಾರೂ ಹೇಳಿರಲಿಲ್ಲ.

ಮೆತ್ತಗಿದ್ದರೆ ಸುಖ ಎಂದು
ಜೆಲ್ ತುಂಬಿದ್ದೊಂದು ತಂದು ನೋಡಿದೆ.
ಮೆತ್ತೆಯಲ್ಲಿ ಮೂಳೆ ಮುಳುಗುತ್ತದೆ,
ಮುಳುಗಿದಷ್ಟೂ ಸುತ್ತಲಿನದು ಉಬ್ಬುತ್ತದೆ
ಉಬ್ಬಬಾರದ ಕಡೆಗೆ.
ಗೊತ್ತಿರಬೇಕಿತ್ತು ನನಗೆ!
ಒಂಬತ್ತನೇ ಬೆಡ್ಡಿನ ಅಬು ಯಾಸಿರ್‌ರನ್ನು
ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವಳು ನಾನೇ ಅಲ್ಲವೇ,
ಬಾಲದ ಮೂಳೆಯಲ್ಲಿ ನೂರು ಫಿಲ್ಸ್ ನಾಣ್ಯದಷ್ಟು ಹುಣ್ಣು.

ನಿಂತೇ ಬರೀತೀ ಯಾಕೆ, ಕೇಳಿದರು ಒಂದು ರಾತ್ರಿ.
ಹೇಳಿದೆ. ಭಾಷೆ ಹೇಗೋ ಬಂತು.
ವಾರಗಳ ಮೇಲೆ ಮೊದಲ ಸಲ ನಕ್ಕರು, ಕೆಮ್ಮುವವರೆಗೆ.
ಮುಹರ್ರಖ್ ಬಸ್ಸು ಓಡಿಸಿದ್ದಂತೆ ಮೂವತ್ತೊಂದು ವರ್ಷ:
ಮೊದಲು ಕಂಬಳಿ ಮಡಚಿ ಇಟ್ಟರು, ಆಮೇಲೆ ಮರದ ಮಣಿಗಳ ಹಾಸು,
ಕೊನೆಗೆ ಎಲ್ಲ ಬಿಸಾಡಿ
ಸೀಟಿನ ಮುಂತುದಿ ಒಂದು ಬೆರಳು ತಗ್ಗಿಸಿದರು.
'ಅಷ್ಟೇ. ಖಲಾಸ್.'

ಮೂರನೆಯದಕ್ಕೆ ಮೂಗು ಮೋಟು, ನಡುವೆ ಉದ್ದಕ್ಕೆ ತೂತು.
ಎರಡು ವಾರ ಓಡಿಸಿ ನೋಡಿ, ಅಂದ ರೊಡೆಲ್,
ಆಗದಿದ್ದರೆ ವಾಪಸು ತನ್ನಿ.
ಕುದುರೆಗೆ ಹಾಕುವುದು ಜೀನು,
ಕಾಸು ಬಿಚ್ಚದವನು ಜೀನ;
ಎರಡರ ನಡುವೆ ಕೂತು ಲೆಕ್ಕ ಹಾಕಿದೆ, ಅರವತ್ತೆರಡು ದಿನಾರು.
ರೂಮಿನ ಗ್ಲಾಡಿಸ್ ಬೆರಳು ತೂರಿಸಿ ನೋಡಿದಳು:
'ಎಲ್ಲರ ಮನೆ ದೋಸೆಯೂ ತೂತೇ.
ತೂತಿಗೆ ಇಷ್ಟು ಕೊಟ್ಟವಳು ನೀನೊಬ್ಬಳೇ.'

ಸಖೀರ್ ದಾಟಿದ ಮೇಲೆ, ಎಣ್ಣೆ ಪಂಪುಗಳು
ಯಾರು ಏನಂದರೂ ಹೌದು ಹೌದು ಎಂದು ತಲೆಯಾಡಿಸುವಲ್ಲಿ
ಗಡಿಯಾರ ನೋಡಿದೆ. ಅರ್ಧ ಗಂಟೆಯಿಂದ
ಕೂತದ್ದೇ ಮರೆತಿತ್ತು.
ಮರೆತದ್ದು ನೆನಪಾಯಿತೋ ಇಲ್ಲವೋ
ನೋವು ಬಂತು, ಸಣ್ಣದು,
ಪರಿಚಯದವರು ಬಾಗಿಲು ತಟ್ಟಿದ ಹಾಗೆ.
ಪೆಡಲಿನ ಮೇಲೆ ಎದ್ದು ನಿಂತೆ, ಹತ್ತು ಎಣಿಸಿ ಕೂತೆ.
ಅವರಿಗೆ ಎರಡು ಗಂಟೆಗೊಮ್ಮೆ, ನನಗೆ ಹತ್ತು ನಿಮಿಷಕ್ಕೊಮ್ಮೆ.

ಎಷ್ಟು, ಅಂದರು ಸಂಜೆ ಡ್ಯೂಟಿಗೆ ಹೋದಾಗ.
ತೊಂಬತ್ತು.
ನನ್ನ ಕೈ ಅವರ ಸೊಂಟದ ಕೆಳಗೆ, ಎಡಕ್ಕೆ ತಿರುಗಿಸುತ್ತಿದ್ದೆ.
ಹೊದಿಕೆಯೊಳಗಿಂದ ಒಂದು ಬೆರಳು ಹೊರಬಂತು,
ಗಾಳಿಯಲ್ಲಿ ತುಸು ಬಾಗಿತು:
ಇನ್ನೂ ಸ್ವಲ್ಪ.