ಕಾಟಾ ಮನೆಯ ಕಿಟಕಿ

ಮಹಾಲಿಂಗಪುರದ ಕಾಟಾದ ಮೇಲೆ
ಬೆಲ್ಲದ ಟ್ರ್ಯಾಕ್ಟರು ಹತ್ತಿ ನಿಂತಿತ್ತು.
ನಾ ಬರೆದ ತೂಕದ ಪ್ರೋಗ್ರಾಮು
ಪರದೆ ತುಂಬ ಬಿಳಿಚಿಕೊಂಡು
ಉಸಿರು ಹಿಡಿದು ಕೂತಿತ್ತು.
ಒತ್ತಿದರೆ ಒಂದು ಉಂಗುರ ತಿರುಗಿತು, ಅಷ್ಟೆ.
“ಅಕ್ಕಾರ, ನಿಮ್ಮ ಕಂಪ್ಯೂಟರಕ ಏನ ಬಡದೈತ್ರಿ?”
ಡ್ರೈವರು ಕೇಳಿದ, ಹಾರ್ನಿನ ಸಮೇತ.

ತಪ್ಪು ನನ್ನದೇ.
ಕಾಟಾ ಯಾವಾಗ ಬಾಯಿ ಬಿಟ್ಟೀತೆಂದು
ಪರದೆ ಕಾಯುವವನನ್ನೇ ಅದರ ಮುಂದೆ ಕಟ್ಟಿದ್ದೆ.
ಅಂವ ಅಲ್ಲಿ ನಿಂತರೆ
ಇಲ್ಲಿ ಬಣ್ಣ ಬಳಿಯುವವರು ಯಾರು,
ಬೆರಳು ತಟ್ಟಿದ್ದು ಕೇಳುವವರು ಯಾರು?

ಹಿಂದೊಂದು ಎಳೆ ಬಿಟ್ಟೆ.
ಕೇಬಲ್ಲಿನ ತುದಿಗೆ ಕೂತು ಅದು ಓದಿತು:
ಆರು ಸಾವಿರದ ನಾನೂರಾ ಇಪ್ಪತ್ತು.
ಓದಿದ್ದೇ ಓಡಿಬಂದು
ನೇರ ಪರದೆಯ ಮೇಲೆ ಗೀಚಹೋಯಿತು.
ಒಮ್ಮೆ ಬರೆಯಿತು. ಒಮ್ಮೆ ಅರ್ಧ ಬರೆಯಿತು.
ಮೂರನೆಯ ಸಲ ಪ್ರೋಗ್ರಾಮೇ ಮಗುಚಿ ಬಿತ್ತು.

ಮೌಲಾಲಿ ನಕ್ಕ. ಮೂವತ್ತು ವರ್ಷ
ಬೆಲ್ಲದ ಪ್ಯಾಟಿಯಲ್ಲಿ ದರದ ಹಲಗೆ ಬರೆದವ.
“ಸವಾಲು ನಡದಾಗ ಹತ್ತು ಅಂಗಡಿಯಿಂದ
ಹತ್ತು ಹುಡುಗೂರು ಓಡಿ ಬರತಿದ್ರು.
ಸುಣ್ಣದ ಕಡ್ಡಿ ಮಾತ್ರ ಯಾರ ಕೈಯಾಗೂ ಕೊಡಲಿಲ್ರಿ.
ಚೀಟಿ ಇಡು, ಹೋಗು, ನಿನ್ನ ಕೆಲಸ ನೋಡು.
ಪಾಳಿ ಬಂದಾಗ ನಾನ ಬರೀತೀನಿ.

ಒಬ್ಬ ಇದ್ದ, ಚನಮಲ್ಲ.
ಚೀಟಿ ಇಟ್ಟ ಮ್ಯಾಲೂ ಹೋಗಾವಲ್ಲ,
ಬರದದ್ದು ಕಣ್ಣಾರೆ ನೋಡೇ ಹೋಗಾಂವ.
ಒಂದಿನ ಏನಾತು,
ಅವನ ಅಂಗಡಿ ಲೆಕ್ಕಕ್ಕ ನಾ ಕಾಯಕೋತ ಕುಂತೀನಿ,
ನನ್ನ ಸುಣ್ಣಕ್ಕ ಅಂವ ಕಾಯಕೋತ ನಿಂತಾನ.
ಸಂಜಿ ಆತು. ಹಲಿಗಿ ಖಾಲಿ.”

ಎಳೆಗೆ ಚೀಟಿ ಬರೆಯಲು ಕಲಿಸಿದೆ,
ಇಟ್ಟು ತಿರುಗಿ ನೋಡದೆ ಹೋಗಲು ಕಲಿಸಿದೆ.
ಅಂಕಿ ನಡುಗುವಾಗಿನ ನೂರು ಚೀಟಿ ಬೇಡ,
ನಿಂತ ತೂಕದ್ದೊಂದು ಸಾಕು ಎಂದೆ.
ಪರದೆಗೆ ಮೈಯಲ್ಲಿ ರಕ್ತ ಬಂತು.
ಟ್ರ್ಯಾಕ್ಟರು ಇಳಿಯಿತು, ಅಂಟು ವಾಸನೆ ಬಿಟ್ಟು.

ನಸುಕಿಗೆ ಉಳಿದದ್ದು ಒಂದೇ:
ಪಾಳಿ ಮುಗಿದು ಕಿಟಕಿ ಮುಚ್ಚಿದ ಮೇಲೂ
ದಾರಿಯಲ್ಲಿದ್ದ ಚೀಟಿಯೊಂದು ಬಂದು
ಇಲ್ಲದ ಕಿಟಕಿ ತಟ್ಟಿ ಕಿರುಚಿಕೊಳ್ಳುತ್ತಿತ್ತು.
“ಪ್ಯಾಟಿ ಎತ್ತಿದ ಮ್ಯಾಲೂ ಬರತಾವ್ರಿ ಅಂಥಾವು.”
ಮೌಲಾಲಿ ಚಹಾದ ಬಸಿ ಕೆಳಗಿಟ್ಟ.
ಅಂಗಿಯ ಕಿಸೆಯಿಂದ ಮಡಿಕೆ ಹರಿದ ಕಾಗದ ತೆಗೆದ.
ಯಾವುದೋ ವರ್ಷದ ದರ. ಹಲಗೆ ಏರದೆ ಉಳಿದದ್ದು.
ಯಾಕೆ ಇಟ್ಟುಕೊಂಡಿದ್ದಾನೋ ಕೇಳಲಿಲ್ಲ.
“ಬೈಬ್ಯಾಡ್ರಿ ಅದಕ್ಕ. ಹಲಿಗಿ ಐತೇನ ನೋಡು,
ಇಲ್ಲಾಂದ್ರ ಸುಮ್ಕ ಹೊಳ್ಳಿ ಹೋಗು ಅನ್ರಿ.”

ಅದೊಂದು ಸಾಲು ಸೇರಿಸಿದೆ.
ಹೊರಗೆ ಮುಂದಿನ ಗಾಡಿ, ಇಂಜಿನ್ನು ಆರಿಸದೆ.