ಜಾಳು

ಗುಳೇದಗುಡ್ಡದ ಮೊದಲ ಬಸ್ಸಿಗೆ ಬಂದಿಳಿಯುತ್ತಾಳೆ
ಬಸಲಿಂಗವ್ವ, ತಲೆಯ ಮೇಲೆ ಖಣದ ಗಂಟು.
ಅದೇ ಬಸ್‌ಸ್ಟ್ಯಾಂಡಿನ ಸುತ್ತ ನಿನ್ನೆ
ಕೈವಾರ ಊರಿ ಒಂದು ವೃತ್ತ ಎಳೆದಿದ್ದೇನೆ:
ಐದು ನಿಮಿಷದ ನಡಿಗೆ, ನಾನೂರು ಮೀಟರು.
ಕಾಗದದ ಮೇಲೆ ಬಿಸಿಲಿಲ್ಲ. ಗಟಾರವಿಲ್ಲ.
ದಾರಿಗಡ್ಡ ಮಲಗಿದ ಎಮ್ಮೆಯಿಲ್ಲ.

"ಯಾರ ನಡಿಗಿ ಇದು?" ಕೇಳಿದಳು ನಕ್ಷೆ ನೋಡಿ,
"ನಿಂದೋ, ನಂದೋ?"

ಅದಕ್ಕೇ ಇವತ್ತು ಟೇಪು ಕಚೇರಿಯಲ್ಲೇ ಬಿಟ್ಟು
ಅವಳ ಹಿಂದೆ ಹೊರಟಿದ್ದೇನೆ.

ಹಳೇ ಬಾಗಲಕೋಟೆ. ಹಿನ್ನೀರು ಮುಟ್ಟದೆ ಉಳಿದ ಓಣಿ.
ನಲವತ್ತು ಹೆಜ್ಜೆಗೆ ಹದಿನಾಲ್ಕು ಬಾಗಿಲು, ಎಣಿಸಿದೆ.
ಮೊದಲ ಕಟ್ಟೆಯಲ್ಲಿ ಗಂಟು ಬಿಚ್ಚಿದ್ದೇ ತಡ
ಎದುರು ಮಾಳಿಗೆಯಿಂದ ಒಬ್ಬಳು, ಕೈತುಂಬ ಜೋಳದ ಹಿಟ್ಟು:
"ಆ ಹಸರದ್ದ ತೋರ್ಸು."
ಮೂರು ಖಣ, ಒಂದು ಚಾ, ಒಂದು ಜಗಳ,
ನೆರಳು ದಾಟದೆ.

ಆಮೇಲೆ ನವನಗರ.
ರಸ್ತೆ ಎಷ್ಟು ಅಗಲವೆಂದರೆ
ಈ ಬದಿ ಕೂಗಿದ ಹೆಸರು ಆ ಬದಿ ಮುಟ್ಟುವಷ್ಟರಲ್ಲಿ
ಬೇರೆಯವರದಾಗಿರುತ್ತದೆ.
ನಲವತ್ತು ಹೆಜ್ಜೆಗೆ ಎರಡು ಗೇಟು,
ಅದರಲ್ಲೊಂದು 'ನಾಯಿ ಇದೆ'.
ನಡುವೆ ಖಾಲಿ ಸೈಟು, ಜಾಲಿಕಂಟಿ,
ಕಂಟಿಗೆ ಸಿಕ್ಕ ಹಾಲಿನ ಪಾಕೀಟು.
ಆಟೋಕ್ಕೆ ಕೊಟ್ಟ ಮೂವತ್ತು ರೂಪಾಯಿ
ಯಾವ ಖಣದಿಂದಲೂ ಹುಟ್ಟಲಿಲ್ಲ.

ಸೆಕ್ಟರಿನ ಕಲ್ಲಿನ ಮೇಲೆ ಕೂತು
ಒಂದು ಖಣ ತೆಗೆದು ಬಿಸಿಲಿಗೆ ಹಿಡಿದಳು:
"ನೋಡಿಲ್ಲೆ. ಎಳಿ ಒಂದಕ್ಕೊಂದು ಹತ್ತಿ ಕುಂತ್ರ ಖಣಾ.
ದೂರ ದೂರ ಹಾಸಿದ್ರ ಜಾಳ.
ಜಾಳ ಅರಿವ್ಯಾಗ ಏನ್ ಕಟ್ಟಿದ್ರೂ ಸೋರ್ತೈತಿ.
ಮೊದ್ಲ ಸೋರೂದು ಹೊತ್ತು."

ನಾನು ಬರೆದುಕೊಂಡೆ. ಅವಳು ಪೆನ್ನು ತಡೆದಳು:
"ಹಂಗಂತ ಬಡದ ಬಡದ ನೇಯಬ್ಯಾಡ.
ಆ ಓಣ್ಯಾಗ ಒಂದ ಖೋಲಿಯೊಳಗ ಎಂಟ ಮಂದಿ ಇದ್ವಿ,
ಹಗಲ ದೀಪ ಹಚ್ಚತಿದ್ವಿ.
ಸೂಜಿ ಹಾಯಬೇಕ ನೋಡ, ಅಷ್ಟ."

ರಾತ್ರಿ ವೃತ್ತ ಅಳಿಸಿದೆ.
ಅವಳ ನಡಿಗೆಗೆ ಸೊಟ್ಟ ಅಂಗೈಯ ಆಕಾರ:
ಬೇವಿದ್ದ ಕಡೆ ಬೆರಳು ಚಾಚುತ್ತದೆ,
ಕಾಂಪೌಂಡು ಉದ್ದವಾದಲ್ಲಿ ಮುಷ್ಟಿ.
ಅದರೊಳಗೆ ಮೂರಂತಸ್ತು ಕೂರಿಸಿದೆ, ಕೆಳಗೆ ಅಂಗಡಿ,
ನೂರು ಹೆಜ್ಜೆಗೊಂದು ಕಟ್ಟೆ, ಒಂದು ನಳ,
ಪ್ರತಿ ಅಡುಗೆಮನೆಗೆ ಒಂದು ತುಂಡು ಸೂರ್ಯ,
ಬಸ್ಸು ಬಂತೋ ಇಲ್ಲವೋ ಕಟ್ಟೆಯಿಂದಲೇ ಕಾಣುವಂತೆ.

ಸಾಹೇಬರು ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದಾರೆ:
ಕಾರು ಎಲ್ಲಿ?

ಕಿಟಕಿಯಾಚೆ ಐದೂವರೆಯ ಬಸ್ಸಿಗೆ ಓಡುತ್ತ
ಬಸಲಿಂಗವ್ವ ಸೀರೆ ಎತ್ತಿಕಟ್ಟಿ ಡಿವೈಡರು ಹತ್ತುತ್ತಿದ್ದಾಳೆ.
ನನ್ನ ನಕ್ಷೆಯಲ್ಲಿ ಕೂದಲೆಳೆ ಗೆರೆ ಅದು.
ಅವಳಿಗೆ ಮೊಣಕಾಲೆತ್ತರ.