ಒಂದು ಗೇಣು

ಖಫ್ಜಿಯ ಗಡಿಗೆ ನಾಲ್ಕು ಕಿಲೋಮೀಟರು ಈಚೆ
ಕಂಟೇನರಿನ ಕಚೇರಿಯಲ್ಲಿ ಕೂತು
ಇನ್ನೂ ಇಲ್ಲದ ಊರೊಂದನ್ನು ಗೀಚುತ್ತಿದ್ದೆ.
ಇರುವುದಕ್ಕೆ ತುಂಬುಗೆರೆ,
ಬಂದು ಹೋಗುವುದಕ್ಕೆ ಚುಕ್ಕಿಗೆರೆ:
ನಕ್ಷೆಯ ಮೂಲೆಯಲ್ಲಿ ಹಾಗೆಂದು ಸೂಚನೆ.

ರಂಜಾನಿನ ಕೊನೆಯ ಹತ್ತು ದಿನ
ಕುವೈತಿನಿಂದ ಉಮ್ರಾ ಬಸ್ಸುಗಳು.
ರಾತ್ರಿಗೆ ಆರು ಸಾವಿರ ಎಂದರು ನಗರಸಭೆಯವರು.
ತಲೆಗೆ ಇಪ್ಪತ್ತು ಲೀಟರು ನೀರು,
ಐವತ್ತು ತಲೆಗೊಂದು ಪಾಯಖಾನೆ.
ತಲೆ ತಲೆ ಎಂದು ಗುಣಿಸುತ್ತ ಹೋದೆ;
ಕಾಲಿನ ಲೆಕ್ಕ ಯಾರೂ ಕೇಳಿರಲಿಲ್ಲ.

ಕೇಳಿದವನು ಮಮ್ಮದಬ್ಬ,
ಉಳ್ಳಾಲದವನು, ನೀರಿನ ಟ್ಯಾಂಕರಿನವನು.
ಚಹಾದ ಲೋಟ ನಕ್ಷೆಯ ಮೇಲೇ ಇಟ್ಟ.
"ಎಂತ ಇದು, ನಲ್ಲಿಯಾ? ಎಷ್ಟೆತ್ತರ?"
ಎಪ್ಪತ್ತು ಸೆಂಟಿಮೀಟರು, ಅಂದೆ. ಸ್ಟ್ಯಾಂಡರ್ಡು.
"ಒಂಬತ್ತು ಗಂಟೆ ಸಾಲಿನಲ್ಲಿ
ಬಸ್ಸಿನೊಳಗೇ ಮಡಚಿ ಕೂತ ಮುದುಕಿ
ಇಳಿದವಳೇ ಒಂಟಿ ಕಾಲಲ್ಲಿ ನಿಂತು
ಇನ್ನೊಂದನ್ನು ಇಷ್ಟೆತ್ತರ ಎತ್ತಬೇಕಾ ಮಾರಾಯ್ರೆ?
ಕೊಕ್ಕರೆಯಾ ಅವಳು?
ಗೇಣು ಇಳಿಸಿ. ಎದುರಿಗೊಂದು ಕಲ್ಲು ಹಾಕಿ, ಕೂರಲಿಕ್ಕೆ."

ಯಾರ ಗೇಣು?
ನನ್ನದು ಇಪ್ಪತ್ತೆರಡು. ಅವನದು ಹತ್ತೊಂಬತ್ತು:
ಎಂದೋ ಟ್ಯಾಂಕಿನ ಮುಚ್ಚಳ ಬಿದ್ದು
ಕಿರುಬೆರಳು ಪೂರ್ತಿ ಚಾಚದು.
ಟೇಪಿನ ಮೇಲೆ ಅಂಗೈ ಊರಿ
ಅದು ಚಾಚುವಷ್ಟೇ ಚಾಚಿದ.
ಅವನದನ್ನೇ ಬರೆದೆ.

ಇಪ್ಪತ್ತೇಳನೆಯ ರಾತ್ರಿ ವಾಯವ್ಯದ ಗಾಳಿ.
ಡೇರೆಗಳು ಪಟಪಟ. ಡೀಸೆಲ್ಲು, ಖರ್ಜೂರ, ಒದ್ದೆ ಟವೆಲ್ಲು.
ಪಾಯಖಾನೆ ಇಟ್ಟ ದಿಕ್ಕು ತಪ್ಪಿತ್ತು ನನ್ನದು;
ಊರಿಗೂರೇ ಮೂಗು ಮುಚ್ಚಿ ಬಯ್ದಿತು,
ಎಂಟು ಭಾಷೆಯಲ್ಲಿ.

ಹನ್ನೊಂದನೆಯ ನಲ್ಲಿಯ ಮುಂದೆ ಒಬ್ಬಳು ಮಿಸ್ರಿ ಅಜ್ಜಿ
ಕಲ್ಲಿನ ಮೇಲೆ ಕೂತಳು.
ಬಾತ ಪಾದ ಮುಂದಕ್ಕೆ ಸರಿಸಿ
ಬೆರಳ ಸಂದಿ ಸಂದಿಗೂ ನೀರು ಬಿಟ್ಟುಕೊಂಡು
ಏನೋ ಹೇಳಿದಳು, ನಲ್ಲಿಗೆ.
ನನಗೆ ಅರ್ಥವಾಗಲಿಲ್ಲ.
ಮಮ್ಮದಬ್ಬ ಅಲ್ಲಿರಲಿಲ್ಲ;
ನಾಲ್ಕನೆಯ ಟ್ರಿಪ್ಪಿಗೆ ಪಾಳಿಯಲ್ಲಿದ್ದ.

ಹಬ್ಬವಾಯಿತು. ಡೇರೆ ಸುತ್ತಿದರು.
ವಾಷರು ಸವೆದ ಹನ್ನೊಂದರ ಕೆಳಗೆ
ನಾಲ್ಕೇ ಎಸಳು ಹುಲ್ಲು;
ಗುರುವಾರ ಇತ್ತು, ಶನಿವಾರ ಇರಲಿಲ್ಲ.

ಜೂನಿನಲ್ಲಿ ಅವನ ಇಕಾಮಾ ಮುಗಿಯಿತು.
ಇಪ್ಪತ್ತಾರು ವರ್ಷ ಉದ್ದದ ಚುಕ್ಕಿಗೆರೆ.
ಮೂವತ್ತು ಕಿಲೋ ಕಟ್ಟಿ, ಮೇಲೆ ಹಗ್ಗ ಬಿಗಿದು,
ಹೋಗಿ ಬರುತ್ತೇನೆ ಅಂದ,
ಬಾಯಿ ರೂಢಿಗೆ.

ಈ ವರ್ಷ ಹೊಸ ಎಂಜಿನಿಯರು, ಅಮ್ಮಾನಿನ ಹುಡುಗ.
ಹಳೆಯ ನಕ್ಷೆಯ ಚಹಾದ ಉಂಗುರದ ಮೇಲೆ
ಬೆರಳಿಟ್ಟು ಕೇಳಿದ:
ನಲ್ಲಿ ಐವತ್ತೊಂದು ಯಾಕೆ?
ಐವತ್ತು ಸಾಲದೆ?

ನಮ್ಮ ಕಡೆ ಮುಯ್ಯಿ ಹಾಕುವಾಗ
ಒಂದು ಸೇರಿಸಿಯೇ ಕೊಡುವುದು, ಅಂದೆ.
ನಕ್ಕ. ತಿದ್ದಲಿಲ್ಲ.